ಮಗಳ ತಲೆನೋವಿಗೆ ನಾನು ಕೊಟ್ಟ ತೀರ್ಪು

ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು. ಆದರೆ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲ ಹೊತ್ತು ದುಡಿದು, ನಮ್ಮ ಓಣಿಗೆ ಮೊದಲ ಟೀವಿ ತಂದವನೂ ನಾನೇ! ಹೀಗಾಗಿ ಹತ್ತನೇ ಇಯತ್ತೆಯ ಮಗಳು ಗೀತಾಗೆ ದಿನಾ ತಲೆನೋವು ಶುರುವಾದಾಗ, ಕಾರಣ ಹುಡುಕುವ ಜವಾಬ್ದಾರಿಯನ್ನೂ ನಾನೇ ವಹಿಸಿಕೊಂಡೆ. ಪರೀಕ್ಷೆ ಹತ್ತಿರ ಬಂದಿತ್ತು. ಪುಸ್ತಕ ತೆಗೆದರೆ ಹುಡುಗಿ ಹಣೆ ಹಿಡಿದು ಕೂರುತ್ತಿದ್ದಳು.

"ಟೀವಿಗೆ ಓಣಿ ಮಂದಿ ದೃಷ್ಟಿ ತಾಗೇತಿ. ಅದು ಇಕಿಗೆ ಬಡದೈತಿ" ಎಂದು ತೀರ್ಪು ಕೊಟ್ಟೆ.

ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಐತಿ ಅಂತ ಲೆಕ್ಕ. ಬರಲಿಲ್ಲ!

"ನೋಡಿದ್ಯಾ? ಭಾರೀ ದೃಷ್ಟಿ!"

ಹೆಂಡತಿ ಶಾಂತವ್ವ ನಕ್ಕಳು. "ನಮ್ಮ ಬ್ಯಾಡಗಿ ಕಾಯಿಗೆ ಖಾರ ಎಲ್ಲೈತ್ರಿ? ಬರೇ ಬಣ್ಣ. ದಿನಾ ಚೀಲ ಹೊರಾವ್ರು, ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಮರೆತಿದ್ದೆ. ಮರುದಿನ ಪರವೂರಿನ ಖಾರದ ಕಾಯಿ ತಂದು, ಒಂದು ಬೊಗಸೆ ಕೆಂಡದ ಮೇಲೆ ಸುರುವಿ ಟೀವಿ ಮುಂದಿಟ್ಟೆ. ಐದು ನಿಮಿಷದಲ್ಲಿ ಓಣಿಯೇ ಬೀದಿಗೆ ಬಂತು! ಪಕ್ಕದ ಮನೆಯ ಖಾಸೀಂಸಾಬ ಕೆಮ್ಮುತ್ತ ಒದರಿದ: "ಅಣ್ಣಾ, ಮೊದಲ ಒಬ್ಬಾಕಿ ತಲಿ ನೋಯ್ತಿತ್ತು. ಈಗ ಎಲ್ಲಾರದೂ ನೋಯಾಕತ್ತೈತಿ!"

ಘಾಟಂತೂ ಬಂತು. ಹಾಗಾದರೆ ದೃಷ್ಟಿ ಇದೆಯೋ, ಇಲ್ಲವೋ? ನನಗೇ ತಿಳಿಯದಾಯಿತು.

ಕೊನೆಗೆ ರಾಣೆಬೆನ್ನೂರಿನ ಡಾಕ್ಟರ ಹತ್ತಿರ ಹೋದೆವು.

"ಟೀವಿ ಭಾಳ ನೋಡ್ತೀಯೇನವಾ?" ಎಂದು ಕೇಳಿದರು.

"ನಾ ಎಲ್ಲಿ ನೋಡ್ತೇನ್ರಿ?" ಎಂದಳು ಗೀತಾ. "ಟೀವ್ಯಾಗ ಬರೂದೆಲ್ಲಾ ಹಿಂದಿ. ಅಪ್ಪಾರಿಗೆ ಹಿಂದಿ ಬರಂಗಿಲ್ಲ. ಟೀವಿಗೆ ಬೆನ್ನು ಮಾಡಿ ಕುಂತು ಓಣಿ ಮಂದಿಗೆಲ್ಲಾ ಕನ್ನಡದಾಗ ಹೇಳ್ತೇನಿ. ಒಂದು ಮಾತು ಮುಗಿಯೂದ್ರಾಗ ಅಪ್ಪಾರು 'ಏನಂದಾ? ಏನಂದಾ?' ಅಂತ ಕಿವ್ಯಾಗ ಒದರ್ತಾರ. ದಿನಾ ಇದ ಆತ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಟೀವಿ ಇರ್ಲಿ ಯಜಮಾನ್ರ. ನೀವು ಬಂದ್ ಆಗ್ರಿ."

ಬಂದ್ ಆದೆ. ಹದಿನೈದು ದಿನದಲ್ಲಿ ತಲೆನೋವು ಹೋಯಿತು! ಗೀತಾ ಈಗ ಒಳಗೆ ಓದುತ್ತಾಳೆ. ನಾನು ಮಂದಿಯ ನಡುವೆ, ಹಿಂದಿಯೆಲ್ಲ ಅರೆದು ಕುಡಿದವನಂತೆ ತಲೆದೂಗುತ್ತ ಕೂರುತ್ತೇನೆ. ಮೊನ್ನೆ ಟೀವಿಯಲ್ಲಿ ಒಬ್ಬ ತಾಯಿ ಹಣೆ ಹಿಡಿದು ನರಳುತ್ತಿದ್ದಳು. ಮಗ ಓಡಿ ಬಂದು ಅವಳ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡ. ನನಗೆ ದುಃಖ ತಡೆಯಲಿಲ್ಲ. ಟವೆಲ್ಲಿನಿಂದ ಕಣ್ಣೊರೆಸಿಕೊಂಡೆ. ನನ್ನನ್ನು ನೋಡಿ ಓಣಿಯ ಹೆಂಗಸರೂ ಸೆರಗು ಹಿಡಿದು ಅತ್ತರು!

ಗೀತಾ ಬಾಗಿಲಿಗೆ ಬಂದು ಇಣುಕಿದಳು.

"ಅಪ್ಪಾ, ಅದು ತಲಿನೋವಿನ ಗುಳಿಗಿ ಜಾಹೀರಾತು!"