ಉಪ್ಸಾರಕ್ಕ, ಹ್ಯಾಂಡ್‌ಪೋಸ್ಟ್

ನಮ್ಮ ಸೋದರತ್ತೆಗೆ ಗುಟ್ಟು ಅನ್ನುವುದೇ ಇಲ್ಲ. ಇದ್ದಿದ್ದರೂ ಅದು ನಾಲ್ಕೈದು ಜಾಲತಾಣಗಳಲ್ಲಿ ಒಟ್ಟೊಟ್ಟಿಗೆ ಬಯಲಾಗಿರುತ್ತಿತ್ತು.

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಮಾಡಿಯೇ ನಿವೃತ್ತರಾದವರು ಅವರು. ವಾರಕ್ಕೆ ನಾಲ್ಕು ದಿನ ಮುದ್ದೆ, ಉಪ್ಸಾರು. ಹುಡುಗಿಯರು ಇಟ್ಟ ಹೆಸರು ಉಪ್ಸಾರಕ್ಕ. ನಿವೃತ್ತಿಯಾದ ಮೇಲೆ ಕೈಗೆ ಮೊಬೈಲ್ ಬಂತು. ಹೆಸರು ಕೇಳಿದ ಮೊದಲ ಜಾಲತಾಣಕ್ಕೆ ಅತ್ತೆ ಕೊಟ್ಟಿದ್ದು ಆ ಹೆಸರನ್ನೇ, ಜೊತೆಗೆ ಸೌಟು ಹಿಡಿದು ನಿಂತ ಒಂದು ಫೋಟೊ. ಆ ಒಂದು ಖಾತೆಯಿಂದಲೇ ಉಳಿದ ಕಡೆಗೂ ಹೋಗಬಹುದು ಎಂದು ತಿಳಿದದ್ದೇ ತಡ, ಕಂಡಕಂಡಲ್ಲೆಲ್ಲ ನುಗ್ಗಿದರು. ಫೋಟೊ ಹಾಕುವ ಕಡೆ, ವಿಡಿಯೊ ನೋಡುವ ಕಡೆ, ಕೊನೆಗೆ ಕಂಪನಿಗಳು ಕೆಲಸಗಾರರನ್ನು ಹುಡುಕುವ ಕಡೆಯೂ ಅದೇ ಸೌಟು, ಅದೇ ಉಪ್ಸಾರಕ್ಕ.

"ಒಂದೊಂದು ಕಡೆ ಒಂದೊಂದು ಹೆಸ್ರು ಇಟ್ಕೋಬೋದು ಅತ್ತೆ," ಎಂದೆ.

"ಊರ್ಗೊಂದು ಹೆಸ್ರು ಇಟ್ಕಳೋರು ಕಳ್ರು ಕಣೋ."

ನನಗೋ ಮೂರು ಕಡೆ ಮೂರು ಹೆಸರಿದ್ದವು.

ಒಂದು ಕಡೆ ಬರೆದದ್ದು ಎಲ್ಲ ಕಡೆಯೂ ಕಾಣುವಂತೆ ಬೇರೆ ಮಾಡಿಕೊಂಡಿದ್ದರು. "ಇವತ್ತು ಉಪ್ಪು ಒಸಿ ಜಾಸ್ತಿ ಆಯ್ತು" ಎಂದು ಬರೆದರೆ, ಕೆಲಸದ ಜಾಲತಾಣದಲ್ಲಿ ಟೈ ಕಟ್ಟಿದ ಮ್ಯಾನೇಜರೊಬ್ಬರು "ತಪ್ಪು ಒಪ್ಪಿಕೊಳ್ಳುವುದೇ ನಾಯಕತ್ವ" ಎಂದು ಬೆನ್ನು ತಟ್ಟಿದರು. ಯಾವುದೋ ಕಂಪನಿಯಂತೂ ನಿಮ್ಮ ಅನುಭವ ನಮ್ಮ ತಂಡಕ್ಕೆ ಬೇಕು ಎಂದು ಬರೆಯಿತು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟ್ ಜನಕ್ಕೆ?" 

ಹುಣಸೂರಿನ ನನ್ನ ಶಾಲೆಯ ಸ್ಟಾಫ್‌ರೂಮಿನಲ್ಲಿ ಇದನ್ನೆಲ್ಲ ಓದಿ ನಗುತ್ತಿದ್ದರು. ನನಗೆ ಮುಜುಗರ. ಒಂದು ರಜೆಯ ದಿನ ಅತ್ತೆ ಮನೆಗೆ ಹೋಗಿ, ದಾಖಲೆಯಲ್ಲಿರುವ ಹೆಸರನ್ನೇ ಹಾಕಿಬಿಡೋಣವೆಂದು ಮೊಬೈಲ್ ಕೈಗೆತ್ತಿಕೊಂಡೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬ್ಯಾಡ ಬುಡು ಮಗ. ಆ ಹೆಸ್ರು ಹುಡ್ಗೀರ್ಗೆ ಗೊತ್ತೇ ಇಲ್ಲ. ಯಾವಳಾದ್ರೂ ಹುಡುಕುದ್ರೆ ನಾನು ಸಿಕ್ಕದೆಂಗೆ?"

"ಯಾರು ಹುಡುಕ್ತಾರೆ ಅತ್ತೆ?"

ಅವರು ಮೊಬೈಲ್ ಇಸಿದುಕೊಂಡು ಸೆರಗಿನಿಂದ ಒರೆಸಿದರು. ನಾನು ಹೆಸರಿನ ತಂಟೆಗೆ ಹೋಗದೆ ವಾಪಸು ಬಂದೆ.

ಮಳೆಗಾಲ ಕಳೆದ ಮೇಲೆ, ಆ ಕೆಲಸದ ಜಾಲತಾಣದಲ್ಲೇ ಒಂದು ಸಂದೇಶ ಬಂತು. "ನೀವು ನಮ್ಮ ಉಪ್ಸಾರಕ್ಕನೇನಾ?" ಬರೆದವಳು ವೀರನಹೊಸಹಳ್ಳಿ ಹತ್ತಿರದ ಗಿರಿಜನ ಹಾಡಿಯ ಹುಡುಗಿ. ಒಂಬತ್ತನೇ ತರಗತಿಯಲ್ಲಿದ್ದಾಗ, ಅವ್ವ ತೀರಿಹೋದ ಸುದ್ದಿ ತಿಳಿದು, ಯಾರಿಗೂ ಹೇಳದೆ ಹಾಸ್ಟೆಲಿನಿಂದ ಹೊರಟವಳು ಮತ್ತೆ ಬಂದಿರಲೇ ಇಲ್ಲ. ಈಗ ವಯನಾಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಕೆಲಸಕ್ಕೆಂದು ಸೇರಿದ ಆ ಒಂದು ಜಾಲತಾಣ ಬಿಟ್ಟರೆ ಅವಳು ಬೇರೆಲ್ಲೂ ಇರಲಿಲ್ಲ.

ವಿಡಿಯೊ ಕಾಲ್ ಮಾಡಿಕೊಡಲು ಅತ್ತೆ ನನ್ನನ್ನು ಕರೆಸಿದರು. ಪರದೆಯಲ್ಲಿ ಅವಳು ಕಂಡಳು. ಅತ್ತೆ ಮೊಬೈಲನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡರು.

"ಅವತ್ತು ಹೇಳ್ದೇ ಹೊಂಟೋದೆ ಅಕ್ಕ," ಎಂದಳು.

"ಮೂರ್ ದಿವ್ಸ ನಿನ್ ತಟ್ಟೆಗೆ ಬಡ್ಸಿ ಮುಚ್ಚಿಟ್ಟಿದ್ದೆ ಕಣವ್ವ."

ಅವಳು ಫೋನು ಪಕ್ಕಕ್ಕೆ ತಿರುಗಿಸಿರಬೇಕು, ಪರದೆಯ ತುಂಬ ಬರಿಯ ಬಿಳಿ ಗೋಡೆ ಕಂಡಿತು. ನಾನು ಬಾಗಿಲ ಕಡೆ ನೋಡುತ್ತ ಕೂತೆ. ಅತ್ತೆ ಆ ಗೋಡೆಯನ್ನೇ ಕೇಳಿದರು, "ಯಾವಾಗ್ ಬತ್ತೀಯ?"

ಆ ಭಾನುವಾರ ಹನ್ನೊಂದಕ್ಕೆ ವಯನಾಡಿನ ಮಾನಂದವಾಡಿ ಕಡೆಯಿಂದ ಹ್ಯಾಂಡ್‌ಪೋಸ್ಟಿಗೆ ಬರುವ ಬಸ್ಸು. ಅವಳನ್ನು ಕರೆತರಲು ನಾನು ಹತ್ತೂಮುಕ್ಕಾಲಿಗೆ ಬಸ್ ನಿಲ್ಲುವಲ್ಲಿಗೆ ಹೋದೆ. ಅತ್ತೆ ಎಂಟಕ್ಕೇ ಬಂದು ನಿಂತಿದ್ದಾರೆಂದು ಹೂ ಮಾರುವವಳು ಹೇಳಿದಳು.