ಮೇಣ ಮರೆತ ಹಲಗೆ

ಅಚ್ಚಿಗೆ ಮೇಣ ಸವರುವುದನ್ನು ಮರೆತದ್ದೇ ಎಡವಟ್ಟಾಯಿತು.

ಕಡಲೆಕಾಯಿ ಸಿಪ್ಪೆಯ ಪುಡಿ, ಸೆಣಬಿನ ನಾರು, ಎಪಾಕ್ಸಿ ಅಂಟು ಬೆರೆಸಿ ಹಲಗೆ ಎರೆಯುವುದು ಅವನ ಪಿಎಚ್.ಡಿ. ಸಂಶೋಧನೆ. ಆರು ವರ್ಷ ಅದನ್ನೇ ಮಾಡಿ ಪ್ರಯೋಗಾಲಯದಲ್ಲಿ 'ಸಿಪ್ಪೆ' ಎಂಬ ಹೆಸರೇ ಅವನಿಗೆ ಗಟ್ಟಿಯಾಗಿತ್ತು. ಇಂದು ಹೊರಗಿನ ಪರೀಕ್ಷಕರ ಎದುರು ಕೊನೆಯ ಹಲಗೆಯನ್ನು ಯಂತ್ರದಲ್ಲಿ ಎಳೆದು ಮುರಿದು ಅದರ ಬಲ ಅಳೆದರೆ ಪ್ರಬಂಧ ಮುಗಿಯಿತು. ಆರು ಗಂಟೆಯ ಬಸ್ಸು ಹತ್ತಿದರೆ ಹೆಂಡತಿ ಮಗಳಿರುವ ಊರು.

ಆದರೆ ನಡುವೆ ಮೇಣವಿಲ್ಲದ ಹಲಗೆ, ತವರು ಬಿಡಲೊಲ್ಲದ ಮಗಳಂತೆ ಅಚ್ಚನ್ನು ತಬ್ಬಿ ಕೂತಿತ್ತು.

"ಬಿಸಿ ಮಾಡೋ, ಸಡಿಲ ಆಗುತ್ತೆ," ಎಂದಳು ಪಕ್ಕದ ಮೇಜಿನವಳು. ಓವನ್ನಿಗಿಟ್ಟರೆ ವಾಸನೆ ಮಾತ್ರ ಹೊರಬಂತು.

"ಬಿಸಿಗೆ ಹಿಗ್ಗಲ್ವೇನಯ್ಯಾ? ತಣ್ಣಗೆ ಮಾಡು!" ಎಂದ ಮೆಕ್ಯಾನಿಕ್. ಫ್ರಿಜ್ಜಿನಿಂದ ಎಲ್ಲರ ಊಟದ ಡಬ್ಬಿ ಹೊರಗೆ, ಅಚ್ಚು ಒಳಗೆ. ಗಂಟೆ ಕಳೆದರೂ ಜಪ್ಪಯ್ಯ ಅನ್ನಲಿಲ್ಲ.

"ಅಯ್ಯೋ ಪಾಪ," ಎಂದು ಬಾಗಿಲಲ್ಲಿ ಲೊಚಗುಟ್ಟಿದಳು ಅಟೆಂಡರಮ್ಮ.

ಮೆಕ್ಯಾನಿಕ್ ಸುತ್ತಿಗೆ ಬೀಸಿದ. ಎರಕದ ಕಬ್ಬಿಣದ ಅಚ್ಚು ಎರಡು ಹೋಳಾಯಿತು. ಹಲಗೆಗೆ ಒಂದು ಗೀರೂ ಇಲ್ಲ; ಎರಡೂ ಹೋಳು ಅದಕ್ಕೇ ಅಂಟಿಕೊಂಡಿದ್ದವು. ಅದೇ ಹೊತ್ತಿಗೆ ಪ್ರೊಫೆಸರ್ ಪರೀಕ್ಷಕರನ್ನು ಕರೆದುಕೊಂಡು ಒಳಬಂದರು.

"ಭೇಷ್!" ಎಂದರು ಪರೀಕ್ಷಕರು. "ಕಬ್ಬಿಣ ಒಡೆದ್ರೂ ಇದು ಬಿಟ್ಟಿಲ್ಲ! ಇದನ್ನ ಹಲಗೆ ಅಂತ ಯಾಕ್ರೀ ಮುರೀತೀರಿ? ಇದು ಅಂಟು!"

ಬೈಯಲು ತೆರೆದ ಬಾಯನ್ನೇ ಪ್ರೊಫೆಸರ್ ನಗುವಿಗೆ ತಿರುಗಿಸಿದರು. "ನಾನೂ ಅದನ್ನೇ ಹೇಳ್ತಿದ್ದೆ, ಸಾರ್."

ಅಲ್ಲೇ ಪ್ರಬಂಧದ ಹಳೆಯ ವಿಷಯ ಹೊಡೆದುಹಾಕಿ ಹೊಸದನ್ನು ಬರೆದದ್ದಾಯಿತು. "ಇನ್ನೊಂದು ಅಚ್ಚಲ್ಲಿ ಮಾಡಿ ತೋರ್ಸಿ. ಹೀಗೇ ಅಂಟಿದ್ರೆ ಇವತ್ತೇ ಸಹಿ ಹಾಕ್ತೀನಿ," ಎಂದರು ಪರೀಕ್ಷಕರು.

ಸಿಪ್ಪೆ ಇನ್ನೊಂದು ಅಚ್ಚು ತೆಗೆದಿಟ್ಟು, ಊಟ ಮುಗಿಸಿ ಬಂದು, ಮೇಣದ ಡಬ್ಬಿಯ ಕಡೆ ತಿರುಗಿಯೂ ನೋಡದೆ ಎರೆದ. ಐದು ಗಂಟೆಗೆ ಎಲ್ಲರೂ ಸುತ್ತ ನೆರೆದರು. ಪರೀಕ್ಷಕರು ಅಚ್ಚನ್ನು ಮಗುಚಿದ್ದೇ ತಡ, ಶಾಲೆ ಬಿಟ್ಟ ಹುಡುಗನಂತೆ ಹಲಗೆ ಹೊರಗೆ ನೆಗೆದು ಅವರ ಬೂಟಿನ ಮೇಲೆ ಬಿತ್ತು.

ಪರೀಕ್ಷಕರು ಕುಂಟುತ್ತಾ ಹೊರಟುಹೋದರು. "ಹಲಗೆನೂ ಹೋಯ್ತು, ಅಂಟೂ ಹೋಯ್ತು. ಮೊದಲಿಂದ ಶುರು ಮಾಡಪ್ಪಾ," ಎನ್ನುತ್ತಾ ಪ್ರೊಫೆಸರೂ ಪರೀಕ್ಷಕರ ಹಿಂದೆ ಓಡಿದರು.

ಅಟೆಂಡರಮ್ಮ ಹತ್ತಿರ ಬಂದು ಮೆಲ್ಲಗೆ ಬೆನ್ನು ತಟ್ಟಿದಳು.

"ಬೆಳಿಗ್ಗೆ ನಿನ್ನ ಪಾಡು ನೋಡಿ ಕರುಳು ಚುರ್ ಅಂತು ಕಣಪ್ಪಾ. ನೀನು ಊಟಕ್ಕೆ ಹೋದಾಗ ನಾನೇ ಆ ಅಚ್ಚಿಗೆ ಮೂರು ಸಲ ಮೇಣ ಬಳಿದಿಟ್ಟೆ. ನೋಡು, ಹೂ ಎತ್ತಿದ ಹಾಗೆ ಬಂತು! ಇನ್ನು ನಿಶ್ಚಿಂತೆಯಾಗಿ ಬಸ್ಸು ಹತ್ತು."