ಕೆನಡಾದ ಸೇತುವೆಗಳೂ ನಮ್ಮ ಭಾವನೂ

ನಮ್ಮಕ್ಕ ಮದುವೆಯಾಗಿರುವುದು ಮನುಷ್ಯನನ್ನೋ ಸೇತುವೆಯನ್ನೋ ಎಂಬ ಅನುಮಾನ ನನಗೆ ಬಹಳ ವರ್ಷ ಇತ್ತು. ಭಾವ ಎಂಜಿನಿಯರಿಂಗ್ ಓದಿದ್ದು ಕೆನಡಾದಲ್ಲಿ, ಕೆಲಸ ಹೂಸ್ಟನ್ನಿನಲ್ಲಿ ತೈಲ ಕಂಪನಿಗಳೇ ತುಂಬಿರುವ ಎನರ್ಜಿ ಕಾರಿಡಾರಿನಲ್ಲಿ. ಹನಿಮೂನಿಗೆಂದು ಅಕ್ಕನನ್ನು ನಯಾಗರಕ್ಕೆ ಕರೆದೊಯ್ದರು. ಆಲ್ಬಂ ತೆರೆದರೆ ಜಲಪಾತವೇ ಇಲ್ಲ! ಬರೀ ರೇನ್‌ಬೋ ಬ್ರಿಜ್ಜು. ಅದರ ಒಂದು ತುದಿಯಲ್ಲಿ ಕಡ್ಡಿಯಷ್ಟು ಸಣ್ಣಗೆ ಅಕ್ಕ.

"ಅವಳನ್ನ ಅಳತೆಗೆ ನಿಲ್ಲಿಸಿದ್ದು," ಎಂದರು ಭಾವ.

ಅವರ ಕಿರುಬೆರಳಿನಲ್ಲಿ ಒಂದು ಕಬ್ಬಿಣದ ಉಂಗುರ. ಕೆನಡಾದಲ್ಲಿ ಓದು ಮುಗಿಸಿದ ಎಂಜಿನಿಯರುಗಳು ಪ್ರತಿಜ್ಞೆ ಮಾಡಿ ತೊಡುವಂಥದ್ದು. ಅಲ್ಲೇ ಪಕ್ಕದ ಊರು ಶುಗರ್ ಲ್ಯಾಂಡಿನ ಆಂಟಿಯೊಬ್ಬರಿಗೆ ಅದನ್ನು ಕಂಡು ಕರುಳು ಚುರಕ್ಕೆಂದಿತು.

"ಸಾಡೇಸಾತಿನಾ? ಶನಿಗಾದ್ರೆ ನಡುಬೆರಳಿಗೆ ಹಾಕ್ಬೇಕು ಕಣಪ್ಪ."

"ಶನಿಗಲ್ಲ ಆಂಟಿ, ಕಟ್ಟಿದ ಸೇತುವೆ ಬೀಳದೆ ಇರ್ಲಿ ಅಂತ."

"ಬೀಳಿಸೋದೂ ಶನೀನೇ ಅಲ್ವಾ!"

ಭಾವನನ್ನು ಊಟಕ್ಕೆ ಕರೆದರೆ ಸೇತುವೆಗಳೂ ಜೊತೆಗೇ ಬರುತ್ತಿದ್ದವು. ಹೆಪ್ಪುಗಟ್ಟುವ ಸಮುದ್ರ ದಾಟಿ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಹೋಗುವ ಹದಿಮೂರು ಕಿಲೋಮೀಟರಿನದು, ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮನೆಯ ಹಾಗೆ ಸೂರು ಹೊದಿಸಿದ ಮರದ್ದು. ಕೊನೆಗೆ ಮಾತ್ರ ಕ್ವಿಬೆಕ್ ಸೇತುವೆಯೇ. ಕಟ್ಟುತ್ತಿರುವಾಗಲೇ ಕುಸಿದು ಹತ್ತಾರು ಕೆಲಸಗಾರರನ್ನು ನುಂಗಿದ್ದು ಅದು. "ಕಬ್ಬಿಣ ಬಾಗಿದ್ದು ಮೊದಲೇ ಕಂಡಿತ್ತು ಕಣಮ್ಮ. ಕೆಲಸ ನಿಲ್ಲಿಸಿ ಅನ್ನೋ ಮಾತು ಹೊತ್ತಿಗೆ ಸರಿಯಾಗಿ ಹೋಗಿ ಮುಟ್ಟಲಿಲ್ಲ." ಪಾಯಸ ಬಡಿಸುವಾಗ ಈ ಮಾತು ಬೇಕಿತ್ತೇ, ನೀವೇ ಹೇಳಿ?

ಎರಡು ಸಾವಿರದ ಮೂರರಲ್ಲಿ, ಹೂಸ್ಟನ್ನಿನಿಂದ ನಾಲ್ಕು ಗಂಟೆ ದಾರಿಯ ಫ್ರಿಸ್ಕೋದಲ್ಲಿ, ನಮ್ಮ ಹೊಸ ಮನೆಯ ಗೃಹಪ್ರವೇಶ. ಇವತ್ತೊಂದು ದಿನ ಭಾವನ ಬಾಯಿಗೆ ಬೀಗ ಹಾಕು ಎಂದು ಅಕ್ಕನಿಗೆ ಮೊದಲೇ ತಾಕೀತು ಮಾಡಿದ್ದೆ. ಪೂಜೆ ಮುಗಿದು ಊಟ ನಡೆದಿತ್ತು. ಮಹಡಿಯ ಹಿಂಬದಿಗೆ ಅಂಟಿಸಿದಂತಿದ್ದ ಮರದ ಡೆಕ್ಕಿನ ಮೇಲೆ ಹನ್ನೊಂದು ಮಕ್ಕಳೂ ಧಿಮಿಧಿಮಿ ಕುಣಿಯುತ್ತಿದ್ದವು. ಭಾವ ನನ್ನನ್ನು ಕೆಳಗೆ ಹಿತ್ತಲಿಗೆ ಕರೆದರು.

"ಡೆಕ್ಕು ಗೋಡೆ ಬಿಡ್ತಾ ಇದೆ. ಬರೀ ಮೊಳೆ ಹೊಡೆದಿದ್ದಾರೆ, ಬೋಲ್ಟೇ ಇಲ್ಲ. ಮಕ್ಕಳನ್ನ ಒಬ್ಬೊಬ್ಬರನ್ನಾಗಿ ಒಳಗೆ ಕರ್ಕೋ. ಓಡಿಸ್ಬೇಡ."

ನನಗೆ ಮೈಯೆಲ್ಲ ಉರಿಯಿತು. "ಭಾವ, ಇದು ಕ್ವಿಬೆಕ್ ಅಲ್ಲ, ನಮ್ಮನೆ," ಎಂದೆ. ಅವರು ಮೇಲಕ್ಕೆ ಬೆರಳು ತೋರಿಸಿದರು. ಗೋಡೆಗೂ ಮರಕ್ಕೂ ನಡುವೆ ಬೆರಳು ತೂರುವಷ್ಟು ಸಂದು. ನೋಡನೋಡುತ್ತಲೇ ಅದು ಇನ್ನಷ್ಟು ಬಾಯಿಬಿಟ್ಟಿತು.

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಲಡ್ಡು ಕೊಡುತ್ತೇನೆಂದು ಆಸೆ ತೋರಿಸಿ ಒಂದೊಂದೇ ಮಗುವನ್ನು ಬಾಗಿಲೊಳಗೆ ಎಳೆದುಕೊಂಡೆ. ಕೊನೆಗೆ ಉಳಿದವಳು ನನ್ನ ಮಗಳು, ಐದು ವರ್ಷದವಳು. ದೂರದ ಮೂಲೆಯಲ್ಲಿ ಕಟಕಟೆ ಹಿಡಿದು ನಿಂತಿದ್ದಳು.

"ವೈ? ಐ ವಾಂಟ್ ಟು ಪ್ಲೇ."

ನಾನು ಹೊಸ್ತಿಲಾಚೆ ಕಾಲೆತ್ತಿದೆ. ಕೆಳಗಿನಿಂದ ಭಾವನ ದನಿ: "ನೀನು ಕಾಲಿಡಬೇಡ. ಅವಳೇ ಬರ್ಲಿ."

ಹೆತ್ತವಳು ಹೊಸ್ತಿಲಲ್ಲಿ ನಿಂತು ನಗುನಗುತ್ತಾ ಕರೆಯಬೇಕು! ಮರ ಕಿರ್ರೆಂದಿತು. "ಬಾ ಪುಟ್ಟಿ, ನಿಧಾನಕ್ಕೆ," ಎಂದೆ. ಅವಳು ಮುಖ ಊದಿಸಿಕೊಂಡು ಬಂದಳು, ಕೈಗೆ ಸಿಕ್ಕಳು.

ಮಹಡಿಯ ಕಿಟಕಿಯಿಂದ ಬಗ್ಗಿ ನೋಡಿದೆ. ಭಾವ ಡೆಕ್ಕಿನ ಅಡಿಯಲ್ಲೇ ನಿಂತು ತೊಲೆಗೆ ಎರಡೂ ಕೈ, ಒಂದು ಹೆಗಲು ಕೊಟ್ಟಿದ್ದರು. ರೇಷ್ಮೆ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಬಿದ್ದಿದ್ದರೆ ಆ ಎರಡು ಕೈ ತಡೆಯುತ್ತಿದ್ದವೇ? ಓದಿದ ಮನುಷ್ಯನಿಗೆ ಅಷ್ಟು ಗೊತ್ತಿರಲಿಲ್ಲವೇ?

"ಎಲ್ಲಾ ಒಳಗೆ ಬಂದ್ರು ಭಾವ. ಈಚೆ ಬನ್ನಿ."

ಅವರು ಅಲುಗಲಿಲ್ಲ. "ಎಣಿಸಿದ್ಯಾ?"

ಒಂದೊಂದು ತಲೆಯನ್ನೂ ಮುಟ್ಟಿ, ಅವರಿಗೆ ಕೇಳುವ ಹಾಗೆ ಜೋರಾಗಿ ಎಣಿಸಿದೆ. ಹನ್ನೊಂದು ಎಂದ ಮೇಲೆ ಭಾವ ಕೈ ಬಿಟ್ಟು ಈಚೆ ಬಂದರು, ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟರು.